ಇಪ್ಪತ್ತನಾಲ್ಕು ಮೀಟರ್ ದೂರದ ಕಾಕ್‌ಪಿಟ್

ಮಿಗ್-21 ವಿಮಾನದ ಕಾಕ್‌ಪಿಟ್‌ನಲ್ಲಿ, ಡಯಲುಗಳ ಫಲಕದ ಮೇಲೆ, ಉದ್ದಕ್ಕೆ ಒಂದು ಬಿಳಿ ಗೆರೆ ಎಳೆದಿರುತ್ತಾರೆ. ನೋಡಿದವರಿಗೆ ಅದು ಅಲಂಕಾರವೆನ್ನಿಸಬಹುದು. ಆದರೆ ವಿಮಾನ ಹತೋಟಿ ತಪ್ಪಿ ಗಿರಗಿರನೆ ಸುತ್ತುತ್ತ ಬೀಳತೊಡಗಿದಾಗ, ನೆಲ ಎಲ್ಲಿದೆ ಆಕಾಶ ಎಲ್ಲಿದೆ ಎಂದು ತಲೆಗೆ ಹೊಳೆಯದ ಆ ಕೆಲವು ಕ್ಷಣಗಳಲ್ಲಿ, ಪೈಲಟ್ ತನ್ನ ಕೈಯಲ್ಲಿರುವ ಸ್ಟಿಕ್ಕನ್ನು ಆ ಗೆರೆಯ ನೇರಕ್ಕೆ ತಂದು ಹಿಡಿಯಬೇಕು. ಸ್ಟಿಕ್ಕು ಎಡಕ್ಕೂ ವಾಲದೆ ಬಲಕ್ಕೂ ವಾಲದೆ ನಡುವೆ ನಿಂತಿದೆ ಎಂಬುದಕ್ಕೆ ಅದೊಂದೇ ಗುರುತು.

ಈ ಗೆರೆಯನ್ನು 1/48 ಅಳತೆಯ ಮಾದರಿಯಲ್ಲಿ ಎಳೆಯುವುದು ಹೇಗೆ? ನಿಜದ ಗೆರೆ ಒಂದು ಸೆಂಟಿಮೀಟರ್ ಅಗಲ ಎಂದಿಟ್ಟುಕೊಂಡರೂ ಮಾದರಿಯಲ್ಲಿ ಅದು 0.2 ಮಿಲಿಮೀಟರ್. ಎಷ್ಟೇ ಸಣ್ಣ ಬ್ರಷ್ ಹಿಡಿದರೂ ಕೈ ನಡುಗುತ್ತದೆ, ಗೆರೆ ಎಲ್ಲೋ ಒಂದು ಕಡೆ ದಪ್ಪವಾಗುತ್ತದೆ. ಅದಕ್ಕೇ ಪಳಗಿದವರು ಗೆರೆಯನ್ನು ಎಳೆಯುವುದೇ ಇಲ್ಲ. ಫಲಕಕ್ಕೆಲ್ಲ ಮೊದಲು ಬಿಳಿ ಬಣ್ಣ ಹೊಡೆದು, ಅದರ ಮೇಲೆ ಕೂದಲೆಳೆಯಷ್ಟು ಸಪೂರವಾಗಿ ಸೀಳಿದ ಟೇಪನ್ನು ನೇರವಾಗಿ ಅಂಟಿಸಿ, ಆಮೇಲೆ ಫಲಕದ ನಿಜವಾದ ಬಣ್ಣವನ್ನು ಊದುತ್ತಾರೆ. ಟೇಪು ಕಿತ್ತರೆ ಗೆರೆ ತಾನಾಗಿ ಉಳಿದಿರುತ್ತದೆ. ಈ ಹವ್ಯಾಸದ ಅರ್ಧ ಜಾಣತನವೆಲ್ಲ ಇಂಥ ಹಿಂದುಮುಂದಿನ ಲೆಕ್ಕಾಚಾರದಲ್ಲಿದೆ.

ಮಿಗ್-21 ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ. ಮುಂದೆ ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ಇಲ್ಲಿಯೇ ತಯಾರಾಯಿತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೆ ವಿದಾಯ ಹೇಳಿದರು. ಅರವತ್ತಕ್ಕೂ ಹೆಚ್ಚು ವರ್ಷ ಹಾರಿದ ವಿಮಾನವೊಂದರ ಒಳಮನೆಯನ್ನು ಮೇಜಿನ ಮೇಲೆ ಕಟ್ಟುವ ಆಸೆ ಯಾರಿಗಾದರೂ ಹುಟ್ಟಿದರೆ ಆಶ್ಚರ್ಯವಿಲ್ಲ.

ಯಾವ ಕಂಪನಿಯ ಕಿಟ್ ತೆರೆದರೂ ಜೋಡಣೆಯ ಹಾಳೆಯಲ್ಲಿ ಸಾಮಾನ್ಯವಾಗಿ ಮೊದಲ ಹೆಜ್ಜೆ ಕಾಕ್‌ಪಿಟ್‌ನದೇ. ಕಾರಣ ಸರಳ. ವಿಮಾನದ ಒಡಲು ಎಡ-ಬಲ ಎಂದು ಎರಡು ಹೋಳಾಗಿ ಬರುತ್ತದೆ. ಅವನ್ನು ಕೂಡಿಸಿ ಅಂಟಿಸಿದ ಮೇಲೆ ಒಳಗೆ ಕೈ ಹಾಕಲು ಜಾಗವಿಲ್ಲ. ಹಾಗಾಗಿ ಹೊಸಬರು ಒಂದು ವಿಚಿತ್ರಕ್ಕೆ ಸಿಕ್ಕಿಕೊಳ್ಳುತ್ತಾರೆ: ಇನ್ನೂ ಏನೂ ಕಲಿಯದಿರುವಾಗಲೇ ಇಡೀ ಮಾದರಿಯ ಅತಿ ಕಷ್ಟದ ಭಾಗವನ್ನು ಮಾಡಬೇಕು. ರೆಕ್ಕೆಗೆ ಬಣ್ಣ ಹೊಡೆಯುವಷ್ಟರಲ್ಲಿ ಕೈ ಪಳಗಿರುತ್ತದೆ, ಆದರೆ ಅಷ್ಟರಲ್ಲಿ ಕಾಕ್‌ಪಿಟ್ ಮುಚ್ಚಿಹೋಗಿರುತ್ತದೆ.

ಮೊದಲು ಕಾಕ್‌ಪಿಟ್‌ಗೆ ಇಷ್ಟು ಮಹತ್ವವಿರಲಿಲ್ಲ. ಒಂದು ಇಂಚು ಅಂದರೆ ಆರು ಅಡಿ ಎಂಬ ಲೆಕ್ಕದ 1/72 ಅಳತೆಯನ್ನು ಬ್ರಿಟನ್ನಿನಲ್ಲಿ ರೂಢಿಗೆ ತಂದದ್ದು 1930ರ ದಶಕದ ಸ್ಕೈಬರ್ಡ್ಸ್ ಎಂಬ ಮರದ ಕಿಟ್‌ಗಳು. ಆರಡಿ ಆಳು ಈ ಅಳತೆಯಲ್ಲಿ ಸರಿಯಾಗಿ ಒಂದಿಂಚು. ಎರಡನೇ ಮಹಾಯುದ್ಧ ಬಂದಾಗ ಶತ್ರು ವಿಮಾನ, ಮಿತ್ರ ವಿಮಾನಗಳನ್ನು ಆಕಾರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸಬೇಕಾಯಿತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಿಕೊಳ್ಳಲು ಹೊರಟಿತು. ಅವಕ್ಕೆ ಬಳಿಯುತ್ತಿದ್ದದ್ದು ಕಪ್ಪು ಬಣ್ಣ. ದೂರದಿಂದ ಕಾಣುವ ನೆರಳಿನಾಕಾರ ಮುಖ್ಯವೇ ಹೊರತು ಒಳಗೆ ಏನಿದೆ ಎಂಬುದಲ್ಲ. ಯುದ್ಧದ ನಂತರ ಪ್ಲಾಸ್ಟಿಕ್ ಬಂತು. ಏರ್‌ಫಿಕ್ಸ್ ಕಂಪನಿ 1953ರಲ್ಲಿ ತನ್ನ ಮೊದಲ ಸ್ಪಿಟ್‌ಫೈರ್ ವಿಮಾನದ ಕಿಟ್ ಮಾರಿತು. ಆ ಕಾಲದ ಅಗ್ಗದ ಕಿಟ್‌ಗಳಲ್ಲಿ ಕಾಕ್‌ಪಿಟ್ ಎಂದರೆ ಹೆಚ್ಚೆಂದರೆ ಎರಡು ಗೂಟಗಳ ಮೇಲೆ ಕೂರಿಸಿದ ಒಬ್ಬ ಪೈಲಟ್ ಗೊಂಬೆ. ಅವನ ಕೆಲಸ ವಿಮಾನ ಹಾರಿಸುವುದಲ್ಲ, ಒಳಗಿನ ಖಾಲಿ ಜಾಗವನ್ನು ಮರೆಮಾಡುವುದು. ಈಗ ಅದು ತಿರುಗುಮುರುಗಾಗಿದೆ. ಒಳಗೆ ಅಷ್ಟು ಕೆಲಸ ಮಾಡಿದವರು ಮಧ್ಯೆ ಅಡ್ಡವಾಗಿ ಗೊಂಬೆಯೊಂದನ್ನು ಕೂರಿಸಲು ಒಪ್ಪುವುದಿಲ್ಲ. ಪ್ರದರ್ಶನಗಳಲ್ಲಿ ನಾವು ನೋಡುವ ಬಹುಪಾಲು ಮಾದರಿಗಳ ಸೀಟು ಖಾಲಿ.

ಒಂದು ಲೆಕ್ಕ ಹಾಕೋಣ. 1/48ರ ಮಾದರಿಯನ್ನು ಕಣ್ಣಿನಿಂದ ಅರ್ಧ ಮೀಟರ್ ದೂರದಲ್ಲಿ ಇಟ್ಟು ನೋಡುವುದೆಂದರೆ, ನಿಜ ವಿಮಾನವನ್ನು 24 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದಿಂದ ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ವಿವರ ಸುಮಾರು 7 ಮಿಲಿಮೀಟರ್. ಕಾಕ್‌ಪಿಟ್‌ನ ಸ್ವಿಚ್ಚಿನ ಕಡ್ಡಿ ಅದಕ್ಕಿಂತ ಸಪೂರ. ಅಂದರೆ ಲೆಕ್ಕದ ಪ್ರಕಾರ ಮಾದರಿಯಲ್ಲಿ ಸ್ವಿಚ್ಚು ಕಾಣಲೇಬಾರದು. ಆದರೂ ನಾವು ಸ್ವಿಚ್ಚು ಮಾಡುತ್ತೇವೆ, ಅದರ ತುದಿಗೆ ಬಣ್ಣ ಮುಟ್ಟಿಸುತ್ತೇವೆ, ಮುಟ್ಟಿಸದಿದ್ದರೆ ಏನೋ ಕೊರತೆ ಕಾಣುತ್ತದೆ.

ಹೀಗೇಕೆ? ವಿಮಾನದ ಹೊರಮೈ ನಾವು ದೂರ ನಿಂತು ನೋಡುವ ವಸ್ತು, ಕಾಕ್‌ಪಿಟ್ ನಾವು ಒಳಗೆ ಹೋಗಿ ಕೂರುವ ಜಾಗ. ಫೋಟೊಗಳಲ್ಲಿ ಕಾಕ್‌ಪಿಟ್ಟನ್ನು ನೋಡುವುದೂ ಪೈಲಟ್‌ನ ಕಣ್ಣಿನ ಎತ್ತರದಿಂದ, ಮೊಳ ದೂರದಿಂದ. ಮಾದರಿ ಮಾಡುವವರು ಒಂದೇ ವಿಮಾನದಲ್ಲಿ ಎರಡು ದೂರಗಳನ್ನು ಕೂಡಿಸಬೇಕು: ರೆಕ್ಕೆಯ ಮೇಲೆ ಇಪ್ಪತ್ತನಾಲ್ಕು ಮೀಟರ್, ಸೀಟಿನ ಮುಂದೆ ಅರ್ಧ ಮೀಟರ್. ಈ ಎರಡನ್ನೂ ಜಗಳವಿಲ್ಲದೆ ಒಂದೆಡೆ ಇರಿಸುವುದೇ ಕಾಕ್‌ಪಿಟ್‌ಗೆ ಬಣ್ಣ ಹಚ್ಚುವ ಕೆಲಸ ಎಂದು ನನ್ನ ಅಭಿಪ್ರಾಯ. ಎಷ್ಟು ಬಿಡಿಭಾಗ ತುಂಬಿದಿರಿ ಎಂಬುದು ಆಮೇಲಿನ ಮಾತು.

ಬೆಳಕಿನದು ಇನ್ನೊಂದು ತೊಡಕು. ನಿಜ ವಿಮಾನ ನಿಲ್ಲುವುದು ಬಿಸಿಲಲ್ಲಿ. ಆಕಾಶದಲ್ಲಿ ಸೂರ್ಯ ಅರ್ಧ ಡಿಗ್ರಿಯಷ್ಟೇ ಅಗಲ, ಅದಕ್ಕೇ ಬಿಸಿಲಿನ ನೆರಳು ಚೂಪು. ಮಾದರಿ ಇರುವುದು ಮನೆಯ ಟ್ಯೂಬ್‌ಲೈಟಿನ ಕೆಳಗೆ. ನಾಲ್ಕಡಿಯ ಟ್ಯೂಬು ಎರಡು ಮೀಟರ್ ದೂರದಿಂದ ಮೂವತ್ತು ಡಿಗ್ರಿಗೂ ಹೆಚ್ಚು ಅಗಲವಾಗಿ ಹರಡಿರುತ್ತದೆ. ಆ ಬೆಳಕು ಎಲ್ಲ ಕಡೆಯಿಂದ ನುಗ್ಗಿ ನೆರಳನ್ನೆಲ್ಲ ತೊಳೆದು ಹಾಕುತ್ತದೆ. ಜೊತೆಗೆ ಪ್ಲಾಸ್ಟಿಕ್ಕಿನ ಮೇಲಿನ ಉಬ್ಬುಗಳೂ ನಿಜದಷ್ಟು ಚೂಪಾಗಿರುವುದಿಲ್ಲ. ಉಕ್ಕಿನ ಅಚ್ಚು ನೇರವಾಗಿ ಬಾಯ್ತೆರೆದು ನೇರವಾಗಿ ಮುಚ್ಚಬೇಕು. ಒಳಕ್ಕೆ ಕೊರೆದ ವಿವರವಿದ್ದರೆ ಪ್ಲಾಸ್ಟಿಕ್ ಅಚ್ಚಿನಿಂದ ಬಿಡಿಸಿಕೊಳ್ಳುವುದಿಲ್ಲ. ಅದಕ್ಕೇ ಕಾಕ್‌ಪಿಟ್‌ನ ಪಕ್ಕದ ಗೋಡೆಗಳ ಮೇಲಿನ ಪೆಟ್ಟಿಗೆ, ಕೊಳವೆಗಳೆಲ್ಲ ಅರ್ಧ ಮುಳುಗಿದವರಂತೆ ಚಪ್ಪಟೆ. ಒಟ್ಟಿನಲ್ಲಿ ಆಕಾರ ಸರಿಯಾಗಿದ್ದರೂ ನೆರಳಿಲ್ಲ. ಅದನ್ನು ಬಣ್ಣದಲ್ಲಿ ಬರೆಯಬೇಕು.

ಬರೆಯುವ ಕ್ರಮಕ್ಕೆ ಬರೋಣ. ಅಚ್ಚಿನಿಂದ ಬಂದ ಭಾಗಗಳ ಮೇಲೆ ಜಿಡ್ಡಿನ ಪದರವಿರುತ್ತದೆ, ಸೋಪಿನ ನೀರಲ್ಲಿ ತೊಳೆಯಬೇಕು. ಅಚ್ಚಿನಿಂದ ಭಾಗವನ್ನು ಹೊರತಳ್ಳುವ ಕಡ್ಡಿಗಳು ಬಿಟ್ಟ ದುಂಡನೆಯ ಗುರುತುಗಳು ಎಲ್ಲಿ ಬೇಡವೋ ಅಲ್ಲೇ, ಅಂದರೆ ಗೋಡೆಯ ನಟ್ಟನಡುವೆ ಇರುತ್ತವೆ. ಅವನ್ನು ಪುಟ್ಟಿ ತುಂಬಿ ವಾಟರ್ ಪೇಪರಿನಿಂದ ಉಜ್ಜಬೇಕು. ಆಮೇಲೆ ಪ್ರೈಮರ್. ಹಲವರು ಇಲ್ಲಿ ಕಪ್ಪು ಪ್ರೈಮರ್ ಹೊಡೆಯುತ್ತಾರೆ. ಅದರ ಮೇಲೆ ಮೂಲ ಬಣ್ಣವನ್ನು ಏರ್‌ಬ್ರಷ್‌ನಿಂದ ಮೇಲುಗಡೆಯಿಂದ ಮಾತ್ರ, ಸೂರ್ಯ ನೆತ್ತಿಯ ಮೇಲಿದ್ದಾನೆ ಎಂಬಂತೆ, ತೆಳುವಾಗಿ ಊದುತ್ತಾರೆ. ಕೆಳಮೂಲೆಗಳಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ನೆರಳಿನ ಮೊದಲ ಪದರ ಇದು.

ತೆಳುವಾಗಿ ಎಂದೆ. ಎಷ್ಟು ತೆಳು? ಬ್ರಷ್‌ನಿಂದ ದಪ್ಪಗೆ ಬಳಿದ ಬಣ್ಣ 0.1 ಮಿಲಿಮೀಟರ್ ಇದ್ದರೆ, 1/48ರಲ್ಲಿ ಅದು ಸುಮಾರು ಅರ್ಧ ಸೆಂಟಿಮೀಟರ್ ದಪ್ಪದ ಬಣ್ಣ. ಯಾವ ವಿಮಾನಕ್ಕೂ ಅಷ್ಟು ದಪ್ಪ ಬಣ್ಣ ಬಳಿಯುವುದಿಲ್ಲ. ಪ್ರೈಮರ್, ಬಣ್ಣ, ವಾರ್ನಿಶ್, ವಾಶ್, ಮತ್ತೆ ವಾರ್ನಿಶ್ ಎಂದು ಐದಾರು ಪದರ ಏರುವಷ್ಟರಲ್ಲಿ ಸ್ವಿಚ್ಚುಗಳು ಮುಳುಗಿಹೋಗಬಹುದು. ಏರ್‌ಬ್ರಷ್ ಬೇಕಾಗುವುದು ಅಂದಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ. ಬಣ್ಣವನ್ನು ಹಾಲಿನಷ್ಟು ತೆಳು ಮಾಡಿಕೊಂಡು, ಕಡಿಮೆ ಒತ್ತಡದ ಗಾಳಿಯಲ್ಲಿ ಹಲವು ಸಲ ಹಾಯಿಸಬೇಕು. ಕರಾವಳಿಯವರಿಗೆ ಮಳೆಗಾಲದಲ್ಲಿ ಇನ್ನೊಂದು ಕಾಟವಿದೆ. ಕಂಪ್ರೆಸರ್ ಎಳೆದುಕೊಳ್ಳುವ ತೇವದ ಗಾಳಿ ಪೈಪಿನಲ್ಲಿ ಹನಿಗಟ್ಟಿ ಬಣ್ಣದ ಜೊತೆ ಉಗುಳುತ್ತದೆ, ಲ್ಯಾಕರ್ ಬಣ್ಣ ಒಣಗುವಾಗ ಬೆಳ್ಳಗೆ ಮಂಜು ಹಿಡಿಯುತ್ತದೆ. ಪೈಪಿನ ನಡುವೆ ತೇವ ಹಿಡಿಯುವ ಬಟ್ಟಲು ಹಾಕಿಸಿಕೊಂಡರೂ ಜುಲೈ ತಿಂಗಳ ಮಂಗಳೂರಿನಲ್ಲಿ ಲ್ಯಾಕರ್ ಕೆಲಸ ಮಾಡದಿರುವುದೇ ವಾಸಿ.

ಇನ್ನು ಮೂಲ ಬಣ್ಣ ಯಾವುದು? ಕಾಕ್‌ಪಿಟ್‌ನ ಬಣ್ಣಕ್ಕೆ ಒಂದೊಂದು ದೇಶದ್ದು ಒಂದೊಂದು ಸಂಪ್ರದಾಯ. ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನಗಳಲ್ಲಿ ಬೂದಿ ಬೆರೆತ ಹಸಿರು. ಅಮೆರಿಕದವರದು ಹಳದಿ ಛಾಯೆಯ ಹಸಿರು. ಅಲ್ಯೂಮಿನಿಯಮ್ ತುಕ್ಕು ಹಿಡಿಯದಂತೆ ಹಚ್ಚುತ್ತಿದ್ದ ಜಿಂಕ್ ಕ್ರೋಮೇಟ್ ಪ್ರೈಮರಿನ ಹಳದಿಗೆ ಕಪ್ಪು ಸೇರಿಸಿದಾಗ ಬಂದ ಬಣ್ಣ ಅದು. ಜರ್ಮನರು ಯುದ್ಧದ ನಡುವೆ ಕಪ್ಪು-ಬೂದಿಗೆ ಹೋದರು. ಸೋವಿಯತ್ ಜೆಟ್‌ಗಳದು ಎಲ್ಲರಿಗಿಂತ ಬೇರೆಯೇ ದಾರಿ. ಹಳೆಯ ಸರ್ಕಾರಿ ಆಸ್ಪತ್ರೆಗಳ ಗೋಡೆಗೆ ಬಳಿಯುತ್ತಿದ್ದರಲ್ಲ, ನೀಲಿಯೂ ಅಲ್ಲದ ಹಸಿರೂ ಅಲ್ಲದ ತಣ್ಣನೆಯ ಬಣ್ಣ, ಹೆಚ್ಚುಕಡಿಮೆ ಅದು. ಕಪ್ಪು ಡಯಲುಗಳು ಅದರ ಮೇಲೆ ಎದ್ದು ಕಾಣುತ್ತವೆ. ಪೈಲಟ್‌ನ ಕಣ್ಣಿಗೆ, ಮನಸ್ಸಿಗೆ ಆಯಾಸ ಕಡಿಮೆ ಎಂಬ ಕಾರಣವನ್ನು ಹೇಳುತ್ತಾರೆ. ಮಿಗ್-21ರ ಮಟ್ಟಿಗೆ ಹೇಳುವುದಾದರೆ ಮಾದರಿ ಮಾಡುವವರ ತಲೆ ತಿನ್ನುವ ಬಣ್ಣ ಇದೇ.

ಏಕೆಂದರೆ ಅದರ ಸರಿಯಾದ ಛಾಯೆ ಯಾವುದು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒಂದು ಫೋಟೊದಲ್ಲಿ ನೀಲಿ ಹೆಚ್ಚು, ಇನ್ನೊಂದರಲ್ಲಿ ಹಸಿರು ಹೆಚ್ಚು. ಫ್ಲ್ಯಾಶ್ ಹಾಕಿ ತೆಗೆದರೆ ಒಂದು, ಮೋಡದ ದಿನ ತೆಗೆದರೆ ಇನ್ನೊಂದು. ಮ್ಯೂಸಿಯಮ್ಮುಗಳಿಗೆ ಹೋಗಿ ನೋಡಿದರೂ ಪೂರ್ತಿ ನಂಬುವ ಹಾಗಿಲ್ಲ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿನಂಥ ಕಡೆ ವಿಮಾನಗಳು ವರ್ಷಗಟ್ಟಲೆ ಬಯಲಲ್ಲಿ ನಿಂತಿರುತ್ತವೆ, ಗಾಜಿನ ಕೆಳಗಿನ ಬಿಸಿಲು ಎಂಥ ಬಣ್ಣವನ್ನೂ ಬಿಳಿಚಿಸುತ್ತದೆ. ಎಲ್ಲಿಯಾದರೂ ಮತ್ತೆ ಬಣ್ಣ ಬಳಿದಿದ್ದರೆ ಸಿಕ್ಕ ಡಬ್ಬದ ಬಣ್ಣ ಬಳಿದಿರಲೂ ಸಾಕು. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಗಾಢವಾಗಿ ಕಾಣುತ್ತದೆ, ಆದ್ದರಿಂದ ಇಂತಿಷ್ಟು ಪಾಲು ಬಿಳಿ ಬೆರೆಸಿ ಎಂದು ಸೂತ್ರ ಹೇಳುವವರೂ ಇದ್ದಾರೆ. ಬಿಳಿ ಬೆರೆಸಬೇಕು ನಿಜ, ಸೂತ್ರದಲ್ಲಿ ನನಗೆ ನಂಬಿಕೆಯಿಲ್ಲ. ಕಾಕ್‌ಪಿಟ್ ಒಂದು ಗುಂಡಿ, ಅದರೊಳಗೆ ಎಲ್ಲ ಬಣ್ಣವೂ ಮೇಜಿನ ಮೇಲೆ ಕಂಡದ್ದಕ್ಕಿಂತ ಕಪ್ಪಾಗುತ್ತದೆ. ಒಡಲಿನ ಎರಡು ಹೋಳನ್ನೂ ಟೇಪ್ ಹಾಕಿ ಒಮ್ಮೆ ಕೂಡಿಸಿ, ಮೇಲಿನಿಂದ ನೋಡಿ, ಆಮೇಲೆ ಎಷ್ಟು ಬೆಳ್ಳಗೆ ಮಾಡಬೇಕೆಂದು ತೀರ್ಮಾನಿಸುವುದೇ ಸರಿ.

ಇದೇ ಕಾರಣಕ್ಕೆ ಕಪ್ಪನ್ನು ಕಪ್ಪಾಗಿ ಬಳಿಯುವುದಿಲ್ಲ. ಡಯಲು, ಸ್ಟಿಕ್ಕಿನ ಹಿಡಿ, ಸ್ವಿಚ್ಚಿನ ಪೆಟ್ಟಿಗೆ ಎಲ್ಲಕ್ಕೂ ಗಾಢ ಬೂದು. ಅಚ್ಚಗಪ್ಪು ಬಳಿದುಬಿಟ್ಟರೆ ಅದಕ್ಕಿಂತ ಕಪ್ಪಾದ ನೆರಳನ್ನು ಬರೆಯಲು ಬಣ್ಣವೇ ಉಳಿಯುವುದಿಲ್ಲ.

ಮೂಲ ಬಣ್ಣ ಒಣಗಿದ ಮೇಲೆ ಹೊಳಪು ವಾರ್ನಿಶ್, ಅದರ ಮೇಲೆ ವಾಶ್. ವಾಶ್ ಎಂದರೆ ಟರ್ಪೆಂಟೈನಿನಲ್ಲಿ ನೀರಿನಷ್ಟು ತೆಳುಮಾಡಿದ ಕಡುಗಂದು ತೈಲವರ್ಣ. ಬ್ರಷ್‌ನ ತುದಿಯಲ್ಲಿ ಒಂದು ಹನಿ ಮೂಲೆಗೆ ಮುಟ್ಟಿಸಿದರೆ ಸಾಕು, ಅದು ತಾನಾಗಿ ಪ್ರತಿ ಸಂದಿಯ ಉದ್ದಕ್ಕೂ ಓಡುತ್ತದೆ. ಹೊಳಪು ವಾರ್ನಿಶ್ ಇಲ್ಲದಿದ್ದರೆ ಓಡದೆ ಅಲ್ಲೇ ಇಂಗಿ ಕಲೆಯಾಗುತ್ತದೆ. ಕೆಳಗಿನ ಬಣ್ಣ ಅಕ್ರಿಲಿಕ್ ಆಗಿದ್ದರೆ ಟರ್ಪೆಂಟೈನ್ ಅದನ್ನು ಕರಗಿಸುವುದಿಲ್ಲ; ಹೀಗೆ ಒಂದರ ದ್ರಾವಕ ಇನ್ನೊಂದನ್ನು ಮುಟ್ಟದಂತೆ ಪದರಗಳನ್ನು ಆರಿಸಿಕೊಳ್ಳುವುದು ಈ ಕೆಲಸದ ರಸಾಯನಶಾಸ್ತ್ರ. ವಾಶ್ ತಗ್ಗನ್ನು ಕಪ್ಪಾಗಿಸಿದರೆ ಡ್ರೈ ಬ್ರಷ್ ಉಬ್ಬನ್ನು ಬೆಳಗಿಸುತ್ತದೆ. ಬ್ರಷ್‌ಗೆ ತಿಳಿ ಬಣ್ಣ ಅದ್ದಿ, ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸಿದ ಮೇಲೆ ಅಂಚುಗಳ ಮೇಲೆ ಸವರಬೇಕು. ಸ್ವಿಚ್ಚುಗಳ ತುದಿಗಳು ಒಂದೊಂದಾಗಿ ಎದ್ದು ಬರುತ್ತವೆ. ಕಾಕ್‌ಪಿಟ್ ಕೆಲಸದಲ್ಲಿ ಇಷ್ಟು ಸುಖದ ಹತ್ತು ನಿಮಿಷ ಬೇರೆ ಇಲ್ಲ.

ಬಣ್ಣ ಎದ್ದ ಗೀರುಗಳ ವಿಷಯದಲ್ಲಿ ಮಾತ್ರ ನನ್ನದು ತಕರಾರು. ಸ್ಪಂಜಿನ ಚೂರನ್ನು ಬೆಳ್ಳಿ ಬಣ್ಣಕ್ಕೆ ಅದ್ದಿ ಎಲ್ಲ ಅಂಚಿಗೂ ಒತ್ತುವ ರೂಢಿ ಬೆಳೆದಿದೆ. ಯುದ್ಧವಿಮಾನದ ಕಾಕ್‌ಪಿಟ್ ತಿಪ್ಪೆಯಲ್ಲ. ಬಿಡಿ ಸ್ಕ್ರೂ ಒಂದು ಉರುಳಿ ಸ್ಟಿಕ್ಕಿನ ಬುಡಕ್ಕೆ ಸಿಕ್ಕಿದರೆ ಪ್ರಾಣಕ್ಕೆ ಬರುವ ಜಾಗ ಅದು. ನೆಲದ ಸಿಬ್ಬಂದಿ ಅದನ್ನು ಗುಡಿಸಿ ಒರೆಸಿ ಇಟ್ಟಿರುತ್ತಾರೆ. ಬಣ್ಣ ಸವೆಯುವುದು ಬೂಟು ಊರುವ ಕಡೆ, ಹತ್ತಿಳಿಯುವಾಗ ಕೈ ಹಿಡಿಯುವ ಅಂಚಿನಲ್ಲಿ, ಸೀಟಿನ ತುದಿಯಲ್ಲಿ. ಬೆಳ್ಳಿ ಪೆನ್ಸಿಲ್ಲಿನ ನಾಲ್ಕು ಚುಕ್ಕೆ ಸಾಕು.

ಡಯಲುಗಳದೇ ಒಂದು ಲೋಕ. 8 ಸೆಂಟಿಮೀಟರ್ ಅಗಲದ ಡಯಲು 1/48ರಲ್ಲಿ 1.7 ಮಿಲಿಮೀಟರ್. ಅದರೊಳಗೆ ಅಂಕಿ, ಮುಳ್ಳು ಎಲ್ಲ ಇರಬೇಕು. ಬ್ರಷ್‌ನಿಂದ ಬರೆಯಲಾಗದ್ದನ್ನು ಡೆಕಾಲ್ ಮಾಡುತ್ತದೆ: ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವ ಮುದ್ರಿತ ಪದರ. ಅದನ್ನು ಮೆದುಮಾಡುವ ದ್ರವ ಹಚ್ಚಿದರೆ ಉಬ್ಬುತಗ್ಗುಗಳ ಮೇಲೆ ಚರ್ಮದಂತೆ ಕೂರುತ್ತದೆ. ಕೊನೆಗೆ ಪ್ರತಿ ಡಯಲಿನ ಮೇಲೆ ಸೂಜಿಯ ತುದಿಯಿಂದ ಹೊಳಪು ವಾರ್ನಿಶ್ ಒಂದು ಹನಿ. ಅದೇ ಗಾಜು. ಸುತ್ತಲಿನ ಫಲಕ ಮಬ್ಬಾಗಿ, ಗಾಜು ಮಾತ್ರ ಮಿನುಗಿದರೆ ಕಣ್ಣು ಮೋಸಹೋಗುತ್ತದೆ.

ಕಿಟ್‌ನಲ್ಲಿ ಬಂದದ್ದು ಸಾಲದು ಎನ್ನುವವರಿಗೆ ಬೇರೆ ಮಾರುಕಟ್ಟೆಯೇ ಇದೆ. ಜೆಕ್ ದೇಶದ ಎಡುವಾರ್ಡ್ ಕಂಪನಿ ಹೆಸರು ಮಾಡಿದ್ದು ಆಮ್ಲದಲ್ಲಿ ಕೊರೆದ ಹಿತ್ತಾಳೆ ಹಾಳೆಗಳಿಂದ. ಲೋಹದ ಹಾಳೆಗೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಹಚ್ಚಿ, ಚಿತ್ರವನ್ನು ಮೂಡಿಸಿ, ಉಳಿದದ್ದನ್ನು ಆಮ್ಲಕ್ಕೆ ಬಿಡುತ್ತಾರೆ. ಸೀಟುಬೆಲ್ಟಿಗೆ, ಪೆಡಲಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಗುಂಡನೆಯ ಗುಬ್ಬಿ, ಹಿಡಿಕೆಗಳಿಗೆ ಮಾತ್ರ ಹಿತ್ತಾಳೆ ಆಗಿಬರುವುದಿಲ್ಲ, ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಬಣ್ಣ ಮುದ್ರಿಸಿಯೇ ಬರುವ ಫಲಕಗಳೂ ಇವೆ. ಕೆಲಸ ಉಳಿಯಿತು ಎಂದು ಅಂಟಿಸಿದ ಮೇಲೆ ಗೊತ್ತಾಗುತ್ತದೆ: ಅವರ ಹಸಿರು-ನೀಲಿಗೂ ನೀವು ಗೋಡೆಗೆ ಹೊಡೆದ ಹಸಿರು-ನೀಲಿಗೂ ತಾಳೆಯಿಲ್ಲ. ಮೊದಲು ಫಲಕವನ್ನು ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವ ಬಣ್ಣ ಬೆರೆಸಿಕೊಂಡೇ ಗೋಡೆಗೆ ಇಳಿಯಬೇಕು.

ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಎರಕಹೊಯ್ದ ರೆಸಿನ್ ಭಾಗಗಳು ಪ್ಲಾಸ್ಟಿಕ್ಕಿಗಿಂತ ಚೂಪು, ಏಕೆಂದರೆ ರಬ್ಬರು ಬಾಗಿ ಕೊಡುತ್ತದೆ. ಅದರ ಪುಡಿ ಶ್ವಾಸಕ್ಕೆ ಕೆಟ್ಟದ್ದು, ನೀರಲ್ಲಿ ಅದ್ದಿಯೇ ಉಜ್ಜಬೇಕು, ಮಾಸ್ಕ್ ಹಾಕಿಕೊಳ್ಳಬೇಕು. ಈಚೆಗೆ ಬಂದ 3ಡಿ ಮುದ್ರಣಕ್ಕೆ ಅಚ್ಚಿನ ಹಂಗೇ ಇಲ್ಲ, ಒಳಕ್ಕೆ ಕೊರೆದ ವಿವರವೂ ಸಲೀಸು. ಬಣ್ಣ ಸಮೇತ ಉಬ್ಬಿಸಿ ಮುದ್ರಿಸಿದ ಫಲಕವನ್ನು ಸ್ಟಿಕ್ಕರಿನಂತೆ ಅಂಟಿಸಿಬಿಡಬಹುದು. ಅದು ನಾನು ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅಂಟಿಸಿದ್ದರ ಪಕ್ಕ ಬಳಿದದ್ದು ಪೇಲವವಾಗಿ ಕಾಣುತ್ತದೆ, ಫಲಕ ಒಂದು ದೂರದಿಂದಲೂ ಸೀಟು ಇನ್ನೊಂದು ದೂರದಿಂದಲೂ ನೋಡಿದಂತಾಗುತ್ತದೆ. ಹಾಕಿದರೆ ಪೂರ್ತಿ ಹಾಕಬೇಕು, ಇಲ್ಲವೇ ಬಿಡಬೇಕು.

ಯಾವ ಮಿಗ್-21 ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದೂ ಮುಖ್ಯ. ಹಳೆಯ ಎಫ್‌ಎಲ್ ಮಾದರಿಯಲ್ಲಿ ಗಾಜಿನ ಮುಚ್ಚಳ ಮುಂದಕ್ಕೆ ಎದ್ದು ತೆರೆಯುತ್ತದೆ, ನಂತರದ ಬಿಸ್ ಮಾದರಿಯಲ್ಲಿ ಬಲಕ್ಕೆ ಮಗುಚುತ್ತದೆ. ಬಿಸ್ ಅನ್ನು ನವೀಕರಿಸಿ ಬೈಸನ್ ಮಾಡಿದಾಗ ಫಲಕವೇ ಬದಲಾಯಿತು, ಪರದೆ ಬಂತು. ಬೆಂಗಳೂರಿನ ಡೇರ್ ಸಂಸ್ಥೆ ರೂಪಿಸಿದ, ಶತ್ರು ರಾಡಾರಿನ ಸುಳಿವು ಹಿಡಿಯುವ ‘ತರಂಗ್’ ಉಪಕರಣ ಸೇರಿತು. ಹೊರಗೆ ಬೈಸನ್ ಎಂದು ಗುರುತು ಹಾಕಿ ಒಳಗೆ ಹಳೆಯ ಡಯಲುಗಳನ್ನು ತುಂಬಿದರೆ ತಿಳಿದವರು ನಗುತ್ತಾರೆ. ಮಿಗ್‌ನಲ್ಲಿ ಬ್ರೇಕು ಇರುವುದು ಸ್ಟಿಕ್ಕಿನ ಮೇಲಿನ ಸನ್ನೆಯಲ್ಲಿ, ಗಾಳಿಯ ಒತ್ತಡದಿಂದ ಕೆಲಸಮಾಡುವಂಥದ್ದು. ಅಮೆರಿಕನ್ ವಿಮಾನಗಳ ಫೋಟೊ ನೋಡಿ ಕಾಲಿನ ಬ್ರೇಕಿನ ಪೆಡಲು ಮಾಡುವವರೂ ಇದ್ದಾರೆ.

ಎಲ್ಲ ಮುಗಿದು ಒಡಲು ಮುಚ್ಚಿದ ಮೇಲೆ ಉಳಿಯುವುದು ಗಾಜಿನ ಮುಚ್ಚಳ. ಅಷ್ಟು ಕೆಲಸವೂ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಫೆವಿಕ್ವಿಕ್ ಜಾತಿಯ ಅಂಟು ಒಣಗುವಾಗ ಬಿಡುವ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಗೆ ಕೂರುತ್ತದೆ, ಬೆರಳ ಗುರುತಿದ್ದರಂತೂ ಅದರ ಮೇಲೇ ಕೂರುತ್ತದೆ. ಪೊಲೀಸರು ಬೆರಳಚ್ಚು ಎಬ್ಬಿಸಲು ಬಳಸುವುದೂ ಇದೇ ಆವಿಯನ್ನು. ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಸಿಮೆಂಟು ಗಾಜಿನಲ್ಲಿ ಬಿರುಕೆಬ್ಬಿಸುತ್ತದೆ. ಹಾಗಾಗಿ ಮುಚ್ಚಳಕ್ಕೆ ಮರಗೆಲಸದ ಬಿಳಿ ಗೋಂದೇ ಸರಿ; ಒಣಗಿದರೆ ಕಾಣುವುದಿಲ್ಲ, ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ತೆರೆದಿಡುವುದೋ ಮುಚ್ಚುವುದೋ? ತೆರೆದರೆ ವಿಮಾನ ನೆಲದ ಮೇಲಿದೆ. ಆಗ ಎಜೆಕ್ಷನ್ ಸೀಟಿನ ಸುರಕ್ಷತಾ ಪಿನ್‌ಗಳು ಜಾಗದಲ್ಲಿರಬೇಕು, ಅವುಗಳ ಕೆಂಪು ಪಟ್ಟಿಗಳು ಇಳಿಬಿದ್ದಿರಬೇಕು, ಬೆಲ್ಟುಗಳು ಬಿಚ್ಚಿ ಆಚೀಚೆ ಬಿದ್ದಿರಬೇಕು. ಮುಚ್ಚಿ, ಚಕ್ರ ಒಳಗೆಳೆದು, ಸ್ಟ್ಯಾಂಡಿನ ಮೇಲೆ ಹಾರಿಸಿದರೆ ಪಿನ್ ಒಂದೂ ಇರಕೂಡದು, ಸೀಟಿನಲ್ಲಿ ಪೈಲಟ್ ಇರಲೇಬೇಕು. ಹಾರುತ್ತಿರುವ ವಿಮಾನದ ಸೀಟು ಖಾಲಿಯಿದ್ದರೆ ಡಯಲು ಎಷ್ಟು ಚೆನ್ನಾಗಿದ್ದರೂ ಯಾರೂ ನೋಡುವುದಿಲ್ಲ. ನಮ್ಮ ಮೇಜಿನ ಮೇಲಿನ ಬಿಸ್‌ಗೆ ನಾನಂತೂ ಪೈಲಟ್‌ನನ್ನು ಕೂರಿಸುತ್ತೇನೆ. ಹೆಲ್ಮೆಟ್ಟು, ಆಮ್ಲಜನಕದ ಕೊಳವೆ, ಸ್ಟಿಕ್ಕಿನ ಮೇಲೆ ಬಲಗೈ, ಥ್ರಾಟಲ್ ಮೇಲೆ ಎಡಗೈ. ಅವನ ಹೆಗಲು ಫಲಕದ ಅರ್ಧವನ್ನು ಮುಚ್ಚುತ್ತದೆ, ಮುಚ್ಚಲಿ.